ಜಿಪ್ಸಿಯ ಹೀಟರ್ ಬಿಸಿ ಗಾಳಿ ಕೊಡ್ತಿಲ್ವಾ? ಮೊದಲು ಎರಡು ಹೋಸ್ ಮುಟ್ಟಿ ನೋಡಿ

ಮಲೆನಾಡಲ್ಲಿ ಹೀಟರ್ ಯಾಕೆ ಅನ್ನುವವರು ಜುಲೈ ತಿಂಗಳ ಒಂದು ಬೆಳಗ್ಗೆ ಬಿಸಿಲೆ ಘಾಟಿಯಲ್ಲಿ ಟಾಪ್ ಮುಚ್ಚಿದ ಜಿಪ್ಸಿ ಓಡಿಸಿ ನೋಡಬೇಕು. ಒಳಗೆ ನಾಲ್ಕು ಜನ, ನೀರು ಸೋರುವ ಕೊಡೆ, ಒದ್ದೆ ರೇನ್‌ಕೋಟು. ಐದು ನಿಮಿಷಕ್ಕೆ ಮುಂದಿನ ಗಾಜು ಒಳಗಡೆಯಿಂದ ಬೆಳ್ಳಗಾಗುತ್ತೆ. ಒಂದು ಕೈಯಲ್ಲಿ ಸ್ಟೀರಿಂಗು, ಇನ್ನೊಂದರಲ್ಲಿ ಬಟ್ಟೆ. ಎಸಿ ಇದ್ದರೆ ಹಾಕಿ ಗಾಳಿಯ ತೇವ ತೆಗೆಯಬಹುದು. ನನ್ನ ಗಾಡಿಗೆ ಎಸಿ ಇಲ್ಲ. ಹೀಟರ್ ಇತ್ತು, ಅಂದರೆ ಡ್ಯಾಶ್‌ಬೋರ್ಡಿನ ಕೆಳಗೆ ಅದರ ಡಬ್ಬಿ ಇತ್ತು. ಅದರಿಂದ ಬರುತ್ತಿದ್ದದ್ದು ತಣ್ಣನೆ ಗಾಳಿ ಮತ್ತು ಇಲಿ ವಾಸನೆ.

ಗಾಡಿ 1998ರ ಜಿಪ್ಸಿ ಕಿಂಗ್, 1298 ಸಿಸಿಯ ಕಾರ್ಬ್ಯುರೇಟರ್ ಎಂಜಿನ್ನು. ಎರಡು ಮೂರು ಕೈ ಬದಲಾಗಿ ನನ್ನ ಹತ್ತಿರ ಬಂದಿದೆ. ಮೊದಲು ತೋರಿಸಿದ ಮೆಕ್ಯಾನಿಕ್ ಬಾನೆಟ್ ಕೂಡ ಎತ್ತದೆ, "ಹೀಟರ್ ಹೋಗಿದೆ, ಡಬ್ಬಿ ಪೂರ್ತಿ ಬದಲಾಯಿಸಬೇಕು" ಅಂದರು. ಡಬ್ಬಿ ಬದಲಾಯಿಸಿದ್ದರೂ ಬಿಸಿ ಗಾಳಿ ಬರುತ್ತಿರಲಿಲ್ಲ, ಅದು ಆಮೇಲೆ ಗೊತ್ತಾಯಿತು. ಒಂದರ ಮೇಲೊಂದು ನಾಲ್ಕು ದೋಷ ಕೂತಿದ್ದವು. ಒಂದನ್ನು ಸರಿ ಮಾಡಿದಾಗಷ್ಟೇ ಇನ್ನೊಂದು ಕಾಣಿಸುತ್ತಿತ್ತು. ನಾನು ಹಿಡಿದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹಳೇ ಜೀಪು, ಗೂರ್ಖಾ, ಬೊಲೆರೊ ಯಾವುದಾದರೂ ಸರಿ, ಎಂಜಿನ್ ನೀರಿನಿಂದ ಬಿಸಿಯಾಗುವ ಹೀಟರಿಗೆಲ್ಲ ಇದೇ ಲೆಕ್ಕ.

ಹಂಡೆ ಕಾಯದೆ ನಲ್ಲಿಗೆ ಬೈಯಬೇಡಿ

ಹೀಟರಿಗೆ ಸ್ವಂತ ಬೆಂಕಿ ಇಲ್ಲ. ಬಚ್ಚಲ ಹಂಡೆ ನೆನಪು ಮಾಡಿಕೊಳ್ಳಿ. ಹಂಡೆ ಅಂದರೆ ಎಂಜಿನ್. ಅಲ್ಲಿ ಕಾದ ನೀರು ಒಂದು ಹೋಸಿನಲ್ಲಿ ಎಂಜಿನ್ನಿಗೂ ನಾವು ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆ, ಅಂದರೆ ಫೈರ್‌ವಾಲ್ ದಾಟಿ ಒಳಗೆ ಬರುತ್ತೆ. ಒಳಗೆ ಪುಟಾಣಿ ರೇಡಿಯೇಟರ್ ಒಂದಿದೆ, ಅದೇ ಹೀಟರ್ ಕೋರ್. ನೀರು ಅದರ ಕೊಳವೆಗಳಲ್ಲಿ ಹಾದು ಇನ್ನೊಂದು ಹೋಸಿನಲ್ಲಿ ವಾಪಸ್ ಎಂಜಿನ್ನಿಗೆ ಹೋಗುತ್ತೆ. ಬ್ಲೋವರ್ ಆ ಕೋರಿನ ಮೇಲೆ ಗಾಳಿ ಊದುತ್ತೆ. ಆ ಗಾಳಿ ಗಾಜಿಗೆ ಹೋಗಬೇಕೋ ಕಾಲಿಗೆ ಹೋಗಬೇಕೋ ಅನ್ನುವುದನ್ನು ಒಳಗಿನ ತಗಡಿನ ಬಾಗಿಲುಗಳು ತೀರ್ಮಾನಿಸುತ್ತವೆ.

ಹಾಗಾಗಿ ಕೇಳಬೇಕಾದ ಪ್ರಶ್ನೆಗಳು ನಾಲ್ಕೇ. ನೀರು ಕಾದಿದೆಯಾ? ಕೋರಿನೊಳಗೆ ಹರಿಯುತ್ತಿದೆಯಾ? ಕೋರಿನ ಮೇಲೆ ಗಾಳಿ ಬೀಳುತ್ತಿದೆಯಾ? ಬಿಸಿಯಾದ ಗಾಳಿ ಬೇಕಾದ ಕಡೆ ಹೋಗುತ್ತಿದೆಯಾ? ಇದೇ ಕ್ರಮದಲ್ಲಿ ಕೇಳಿ. ನಮ್ಮಲ್ಲಿ ಬಹಳ ಜನ ಕೊನೆಯಿಂದ ಶುರು ಮಾಡುತ್ತಾರೆ, ಮೊದಲೇ ಡ್ಯಾಶ್‌ಬೋರ್ಡ್ ಬಿಚ್ಚುತ್ತಾರೆ. ಅಲ್ಲಿ ಮುರಿಯುವ ಪ್ಲಾಸ್ಟಿಕ್ ಕ್ಲಿಪ್ಪುಗಳ ಲೆಕ್ಕ ಮಾತ್ರ ಸಿಗುತ್ತೆ.

ಕೈ ಇಟ್ಟು ನೋಡುವುದು

ಗಾಡಿಯನ್ನು ಹದಿನೈದು ಇಪ್ಪತ್ತು ನಿಮಿಷ ಓಡಿಸಿ ಬನ್ನಿ. ಹೀಟರ್ ಲಿವರ್ ಪೂರ್ತಿ ಕೆಂಪು ಕಡೆಗಿರಲಿ. ಎಂಜಿನ್ ಆರಿಸಿ ಬಾನೆಟ್ ಎತ್ತಿ. ಎಂಜಿನ್ ಓಡುವಾಗ ಕೈ ಹಾಕಬೇಡಿ, ಬೆಲ್ಟಿನ ಜೊತೆ ತಿರುಗುವ ಫ್ಯಾನು ಬೆರಳು ಅಂತ ನೋಡಲ್ಲ. ಕಾದ ರೇಡಿಯೇಟರ್ ಮುಚ್ಚಳವನ್ನಂತೂ ಯಾವ ಕಾರಣಕ್ಕೂ ತೆಗೆಯಬೇಡಿ. ಫೈರ್‌ವಾಲ್ ಹತ್ತಿರ ಅಕ್ಕಪಕ್ಕ ಒಳಗೆ ಹೋಗುವ ಎರಡು ರಬ್ಬರ್ ಹೋಸ್ ಹುಡುಕಿ. ಅಂಗೈ ಬೇಡ, ಕೈಯ ಹಿಂಬದಿ ತಾಗಿಸಿ.

ಎರಡೂ ಹೋಸ್ ಕೈ ಇಡಲಾಗದಷ್ಟು ಬಿಸಿ ಇದ್ದರೆ ನೀರಿನ ಕಡೆ ಏನೂ ತೊಂದರೆ ಇಲ್ಲ, ದೋಷ ಗಾಳಿಯ ಕಡೆ ಇದೆ. ಒಂದು ಸುಡುತ್ತಾ ಇನ್ನೊಂದು ತಣ್ಣಗಿದ್ದರೆ ಕೋರ್ ಕಟ್ಟಿಕೊಂಡಿದೆ, ಇಲ್ಲವೇ ಹೀಟರ್ ವಾಲ್ವ್ (ಕೋರಿಗೆ ಹೋಗುವ ಬಿಸಿ ನೀರಿನ ನಲ್ಲಿ, ಲಿವರ್ ತಿರುಗಿಸುವುದು ಇದನ್ನೇ) ತೆರೆದಿಲ್ಲ. ಎರಡೂ ಉಗುರುಬೆಚ್ಚಗಿದ್ದರೆ ಎಂಜಿನ್ನೇ ಕಾಯುತ್ತಿಲ್ಲ, ನೀರಿನ ಬಿಸಿಗೆ ತಕ್ಕಂತೆ ತೆರೆದು ಮುಚ್ಚುವ ಥರ್ಮೋಸ್ಟಾಟ್ ನೋಡಿ. ಎಂಜಿನ್ ಕಾದಿದ್ದೂ ಎರಡೂ ತಣ್ಣಗಿದ್ದರೆ ನೀರು ಕಮ್ಮಿಯಾಗಿದೆ, ಗಾಳಿ ಸಿಕ್ಕಿಕೊಂಡಿದೆ ಅಥವಾ ಹೋಸ್ ಇರಬೇಕಾದ ಕಡೆ ಇಲ್ಲ.

ನನ್ನದು ಆ ಕೊನೇ ಜಾತಿ. ಫೈರ್‌ವಾಲಿನಲ್ಲಿ ಎರಡು ಹಿತ್ತಾಳೆ ಕೊಳವೆಗಳ ಬಾಯಿ ಹೊರಗೆ ಚಾಚಿತ್ತು, ಅದಕ್ಕೆ ಹೋಸೇ ಇರಲಿಲ್ಲ. ಬಾಯಿಗೆ ಹಳೇ ಬನಿಯನ್ ಬಟ್ಟೆ ತುರುಕಿದ್ದರು. ಎಂಜಿನ್ನಿಂದ ಹೊರಟ ಹೋಸ್ ಅರ್ಧ ಅಡಿ ಹೋಗಿ ಯು ತಿರುವು ಹೊಡೆದು ಮತ್ತೆ ಎಂಜಿನ್ನಿಗೇ ಸೇರಿತ್ತು. ಎಣ್ಣೆ, ಧೂಳು, ಕೆಸರು ಮೆತ್ತಿ ಎಲ್ಲ ಒಂದೇ ಕಪ್ಪು ಬಣ್ಣ ಆಗಿದ್ದರಿಂದ ಮೇಲಿಂದ ನೋಡಿದರೆ ಗೊತ್ತೇ ಆಗುತ್ತಿರಲಿಲ್ಲ. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದಾಗ ಕಂಡಿತು. ಹಳೇ ಗಾಡಿ ಕೊಂಡವರು ಇದನ್ನು ಮೊದಲು ನೋಡಿ. ಕೋರ್ ಸೋರಿದಾಗ ಎಷ್ಟೋ ಗ್ಯಾರೇಜಿನಲ್ಲಿ ಮಾಡುವ ಕೆಲಸ ಇದೇ: ಎರಡು ಹೋಸ್ ಜೋಡಿಸಿ ಹೀಟರನ್ನು ಸುತ್ತಿನಿಂದ ಹೊರಗಿಡುವುದು. ದಾರಿಯಲ್ಲಿ ಸೋರಿದರೆ ಊರು ಮುಟ್ಟಲು ಅದು ಒಳ್ಳೇ ಉಪಾಯ. ಇಪ್ಪತ್ತು ವರ್ಷ ಹಾಗೇ ಬಿಡಲು ಅಲ್ಲ.

ಕೋರ್ ಸೋರುತ್ತಾ, ಕಟ್ಟಿದೆಯಾ

ಹೋಸ್ ತೆಗೆದವರು ಸುಮ್ನೆ ತೆಗೆದಿರಲ್ಲ. ಹಾಗಾಗಿ ಹೊಸ ಹೋಸ್ ಹಾಕುವ ಮೊದಲು ಕೋರ್ ಹೊರಗೆ ತೆಗೆಯಿರಿ. ಇಲ್ಲದಿದ್ದರೆ ಕೂಲೆಂಟ್ (ಎಂಜಿನ್ ನೀರಿಗೆ ಬೆರೆಸುವ ದ್ರವ) ನೇರ ಪಕ್ಕದವರ ಕಾಲ ಮೇಲೆ. ಕೋರ್ ಜೋಡಣೆಯಲ್ಲೇ ಇದ್ದು ಸೋರುತ್ತಿದ್ದರೆ ಅದರ ಗುರುತು ಬೇರೆ. ಕಾಲಡಿಯ ಮ್ಯಾಟ್ ಕಾರಣ ಇಲ್ಲದೆ ಒದ್ದೆಯಾಗುತ್ತೆ, ಹೀಟರ್ ಹಾಕಿದರೆ ಸಿಹಿ ವಾಸನೆ ಬರುತ್ತೆ, ಗಾಜಿನ ಮೇಲೆ ಒರೆಸಿದರೂ ಹೋಗದ ಜಿಡ್ಡಿನ ಪದರ ಕೂರುತ್ತೆ. ಆ ಸಿಹಿಗೆ ನಾಯಿ ಬೆಕ್ಕು ಮೋಸ ಹೋಗುತ್ತವೆ. ಕೂಲೆಂಟಿನ ಗ್ಲೈಕಾಲ್ ವಿಷ, ನೆಲಕ್ಕೆ ಚೆಲ್ಲಿದ್ದನ್ನು ಹಾಗೇ ಬಿಡಬೇಡಿ.

ಪರೀಕ್ಷೆ ಸುಲಭ. ಕೋರಿನ ಒಂದು ಬಾಯಿಗೆ ಬಿರಡೆ ಹಾಕಿ ಬಕೆಟ್ ನೀರಿನಲ್ಲಿ ಮುಳುಗಿಸಿ. ಇನ್ನೊಂದು ಬಾಯಿಗೆ ಹೋಸ್ ಸಿಗಿಸಿ ಸೈಕಲ್ ಪಂಪಿನಲ್ಲಿ ಮೆಲ್ಲಗೆ ಗಾಳಿ ಹಾಕಿ. ಮೆಲ್ಲಗೆ ಅಂದರೆ ಮೆಲ್ಲಗೆ. ಟೈರ್ ಅಂಗಡಿಯ ಕಂಪ್ರೆಸರ್ ಹಚ್ಚಿದರೆ ಚೆನ್ನಾಗಿರುವ ಕೋರೂ ಬಿರಿಯುತ್ತೆ. ನನ್ನದರಲ್ಲಿ ಕೊಳವೆ ಸೇರುವ ಮೂಲೆಯಿಂದ ಸಾಸಿವೆ ಕಾಳಿನಷ್ಟು ಗುಳ್ಳೆಗಳ ಸಾಲು ಎದ್ದಿತು. ತಾಮ್ರ, ಹಿತ್ತಾಳೆಯ ಹಳೇ ಕೋರ್ ಆದ್ದರಿಂದ ರೇಡಿಯೇಟರ್ ಬೆಸುಗೆ ಹಾಕುವವರ ಹತ್ತಿರ ಅರ್ಧ ಗಂಟೆಯ ಕೆಲಸ ಅಷ್ಟೆ. ಅಲ್ಯುಮಿನಿಯಂ ಕೋರ್ ಆದರೆ ಬೆಸುಗೆಗೆ ಒಗ್ಗುವುದು ಕಷ್ಟ, ಬದಲಾಯಿಸುವುದೇ ವಾಸಿ. ಹೊಸದು ಸಿಗದಿದ್ದರೆ ಬೆಂಗಳೂರಿನ ಜೆಸಿ ರಸ್ತೆ, ಅಲ್ಲೂ ಇಲ್ಲದಿದ್ದರೆ ಶಿವಾಜಿನಗರದ ಗುಜರಿ ಸುತ್ತಿ. ಹಳೇ ಕೋರನ್ನು ಕೈಯಲ್ಲೇ ಹಿಡಿದು ಹೋಗಿ. ಬಾಯಲ್ಲಿ ಹೇಳಿದರೆ ಓಮ್ನಿಯದ್ದು ಕಟ್ಟಿ ಕಳಿಸುತ್ತಾರೆ.

ಬೆಸುಗೆಗೆ ಮೊದಲು ಒಳಗೆ ತೊಳೆಯಿರಿ. ತೋಟದ ಪೈಪನ್ನು ನೀರು ಹೊರಗೆ ಬರುವ ಬಾಯಿಗೆ ಹಿಡಿದು ಉಲ್ಟಾ ಬಿಡಿ. ನನ್ನದರಿಂದ ಮೊದಲ ಐದು ನಿಮಿಷ ಬಂದದ್ದು ನೀರಲ್ಲ, ಇಟ್ಟಿಗೆ ಗೂಡಿನ ಕೆಸರು. ವರ್ಷಗಟ್ಟಲೆ ಬರೀ ನೀರು ಹಾಕಿ ಓಡಿಸಿದ ಗಾಡಿಯ ತುಕ್ಕೆಲ್ಲ ಬಂದು ಕೂರುವುದು ಈ ಸಣ್ಣ ಕೊಳವೆಗಳಲ್ಲೇ. ಬಯಲುಸೀಮೆಯ ಬೋರ್‌ವೆಲ್ ನೀರು ಕುಡಿದ ಗಾಡಿಯಾದರೆ ತುಕ್ಕಿನ ಜೊತೆ ಸುಣ್ಣದ ಪದರವೂ ಇರುತ್ತೆ, ಪಾತ್ರೆ ತಳದಲ್ಲಿ ಕೂರುತ್ತಲ್ಲ, ಅದೇ. ಅದಕ್ಕೆ ನಿಂಬೆ ಉಪ್ಪು ಒಳ್ಳೇ ಮದ್ದು. ಬಿಸಿ ನೀರಿಗೆ ಲೀಟರಿಗೆ ಎರಡು ಮೂರು ಚಮಚ ಕದಡಿ ಕೋರಿನೊಳಗೆ ತುಂಬಿಸಿ ಅರ್ಧ ಗಂಟೆ ಬಿಡಿ. ಸುಣ್ಣ ಇದ್ದರೆ ಸೋಡಾ ತರಹ ನೊರೆ ಬರುತ್ತೆ. ಆಮೇಲೆ ನೀರು ತಿಳಿಯಾಗುವವರೆಗೂ ತೊಳೆಯಿರಿ. ಸಿಂಕ್ ತೊಳೆಯುವ ಕಾಸ್ಟಿಕ್ ಮಾತ್ರ ಹಾಕಬೇಡಿ, ಅಲ್ಯುಮಿನಿಯಮ್ಮನ್ನು ತಿಂದುಹಾಕುತ್ತೆ.

ಹೊಸ ಹೋಸಿಗೂ ಹಳೇ ತುಂಡನ್ನೇ ಅಂಗಡಿಗೆ ಒಯ್ಯಿರಿ. ಬಿಸಿ ನೀರಿಗೆ ಮಾಡಿದ ಹೋಸೇ ಆಗಬೇಕು. ಗ್ಯಾಸ್ ಪೈಪು, ತೋಟದ ಪೈಪು ಎರಡು ದಿನಕ್ಕೆ ಮೆತ್ತಗಾಗಿ ಜಾರುತ್ತವೆ.

ಕಾಣೆಯಾದ ಥರ್ಮೋಸ್ಟಾಟ್

ಹೋಸ್ ಜೋಡಿಸಿ ಕೂಲೆಂಟ್ ತುಂಬಿ ಗಾಡಿ ತೆಗೆದೆ. ಬಂತು ಗಾಳಿ, ಉಗುರುಬೆಚ್ಚಗೆ. ಏರು ಹತ್ತುವಾಗ ಸ್ವಲ್ಪ ಬಿಸಿ, ಶಿರಾಡಿ ಇಳಿಯುವಾಗ ಮತ್ತೆ ತಣ್ಣಗೆ. ಟೆಂಪರೇಚರ್ ಮುಳ್ಳೂ ಅದೇ ತಾಳಕ್ಕೆ ಏಳುತ್ತಾ ಬೀಳುತ್ತಾ ಇತ್ತು. ಈ ಏಳುಬೀಳು ಕಂಡರೆ ಬೇರೆ ಪರೀಕ್ಷೆ ಬೇಡ. ಥರ್ಮೋಸ್ಟಾಟ್ ತೆರೆದೇ ಸಿಕ್ಕಿಕೊಂಡಿದೆ, ಇಲ್ಲವೇ ಯಾರೋ ತೆಗೆದು ಬಿಸಾಕಿದ್ದಾರೆ.

ರೇಡಿಯೇಟರಿನ ಮೇಲಿನ ದಪ್ಪ ಹೋಸ್ ಹಿಡಿದು ಎಂಜಿನ್ ಕಡೆ ಹೋದರೆ ಅದು ಸೇರುವಲ್ಲಿ ಒಂದು ಮುಚ್ಚಳ ಸಿಗುತ್ತೆ. ತಣ್ಣಗಿರುವಾಗ ಬಿಚ್ಚಿದೆ. ಒಳಗೆ ಖಾಲಿ. ಥರ್ಮೋಸ್ಟಾಟ್ ಕೂರುವ ಅಂಚು ಮಾತ್ರ ಇತ್ತು, ಅದರ ಮೇಲೆ ಒಣಗಿದ ಗಮ್ಮು.

"ನಮ್ಮ ಬಿಸಿಲಿಗೆ ಇದು ಬೇಡ ಸಾರ್, ತೆಗೆದರೆ ಎಂಜಿನ್ ತಂಪಾಗಿರುತ್ತೆ" ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ನನಗೆ ಇದು ಒಪ್ಪಿಗೆಯಿಲ್ಲ. ಥರ್ಮೋಸ್ಟಾಟ್ ಒಂದು ಬಾಗಿಲು. ಎಂಜಿನ್ ಕಾಯುವ ತನಕ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುತ್ತೆ, ಕಾದ ಮೇಲೆ ತಾನೇ ತೆರೆಯುತ್ತೆ. ಅದಿಲ್ಲದಿದ್ದರೆ ನೀರು ಸದಾ ರೇಡಿಯೇಟರಿಗೆ ಹೋಗಿ ಆರಿ ಬರುತ್ತೆ. ಎಂಜಿನ್ ತಂಪಾಗಿಯೇ ಉಳಿದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಆಯಿಲಿನಲ್ಲಿ ಸೇರಿದ ತೇವ ಆವಿಯಾಗದೆ ಅಲ್ಲೇ ಕೂರುತ್ತೆ, ಸಿಲಿಂಡರ್ ಬೇಗ ಸವೆಯುತ್ತೆ. ಗಾಡಿ ಕುದಿಯುತ್ತಿದ್ದರೆ ಕಟ್ಟಿಕೊಂಡ ರೇಡಿಯೇಟರನ್ನೋ ಸೋತ ಫ್ಯಾನನ್ನೋ ಸರಿ ಮಾಡಬೇಕು, ಬಾಗಿಲು ಕಿತ್ತು ಹಾಕುವುದಲ್ಲ.

ಹೊಸ ಥರ್ಮೋಸ್ಟಾಟ್ ಮೇಲೆ 82 ಎಂದು ಒತ್ತಿತ್ತು, ಅದು ತೆರೆಯಲು ಶುರುವಾಗುವ ಡಿಗ್ರಿ. ಹಾಕುವ ಮುಂಚೆ ಒಲೆಯ ಮೇಲೆ ಪರೀಕ್ಷೆ ಮಾಡಿ, ಹೊಸದಾದರೂ ಮಾಡಿ. ಪಾತ್ರೆ ನೀರಲ್ಲಿ ದಾರ ಕಟ್ಟಿ ಇಳಿಬಿಟ್ಟೆ, ತಳ ಮುಟ್ಟದ ಹಾಗೆ. ಪಕ್ಕದಲ್ಲಿ ಅಡುಗೆ ಥರ್ಮಾಮೀಟರ್. 70ರಲ್ಲಿ ಏನೂ ಇಲ್ಲ. 80 ದಾಟುತ್ತಿದ್ದಂತೆ ಹಿತ್ತಾಳೆ ತಟ್ಟೆಯ ಅಂಚಲ್ಲಿ ಕೂದಲೆಳೆಯಷ್ಟು ಸಂದು ಕಾಣಿಸಿತು. 90ರ ಹೊತ್ತಿಗೆ ಬೆರಳ ತುದಿ ಹೋಗುವಷ್ಟು ತೆರೆದುಕೊಂಡಿತು. ಒಲೆ ಆರಿಸಿದ ಮೇಲೆ ಮೆಲ್ಲಗೆ ಮುಚ್ಚಿಕೊಂಡಿತು. ಕೂರಿಸುವಾಗ ಸ್ಪ್ರಿಂಗ್ ಇರುವ ಕಡೆ ಎಂಜಿನ್ ಒಳಗೆ ಇರಬೇಕು. ಉಲ್ಟಾ ಹಾಕಿದರೆ ಹೀಟರ್ ಇರಲಿ, ಎಂಜಿನ್ನೇ ಕುದಿಯುತ್ತೆ. ಗ್ಯಾಸ್ಕೆಟ್ ಹೊಸದೇ ಹಾಕಿ.

ಗಾಳಿ ಸಿಕ್ಕಿಕೊಂಡಾಗ

ಕೂಲೆಂಟ್ ಇಳಿಸಿ ತುಂಬಿಸಿದ ಮೇಲೆ ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಅಂತ ಹಳ್ಳ ಹರಿದ ಸದ್ದು ಬಂದರೆ ಕೋರಿನಲ್ಲಿ ಗಾಳಿ ಇದೆ ಅಂತ ಅರ್ಥ. ನೀರು ಗಾಳಿಯನ್ನು ದಾಟಿ ಹೋಗಲ್ಲ, ಹೀಟರ್ ತಣ್ಣಗೇ ಇರುತ್ತೆ. ಮುಂದಿನ ಚಕ್ರ ಏರಿನ ಮೇಲಿರುವಂತೆ ಗಾಡಿ ನಿಲ್ಲಿಸಿ. ನಮ್ಮ ಕಣದ ಪಕ್ಕದ ದಿಬ್ಬ ನನಗೆ ಇದಕ್ಕೇ ಉಪಯೋಗಕ್ಕೆ ಬಂತು. ಎಂಜಿನ್ ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದು, ಹೀಟರ್ ಲಿವರ್ ಬಿಸಿ ಕಡೆ ಇಟ್ಟು, ಸ್ಟಾರ್ಟ್ ಮಾಡಿ. ನೀರು ಕಾಯುತ್ತಾ ಬಂದಂತೆ ಗುಳ್ಳೆ ಏಳುತ್ತೆ, ಮಟ್ಟ ಇಳಿಯುತ್ತೆ, ಕೂಲೆಂಟ್ ಸೇರಿಸುತ್ತಾ ಹೋಗಿ. ನಡುನಡುವೆ ಎಂಜಿನ್ ಆರಿಸಿ ಹೀಟರ್ ಹೋಸನ್ನು ಹಸುವಿನ ಮೊಲೆ ಹಿಂಡುವ ಹಾಗೆ ಹಿಂಡಿ ಬಿಡಿ. ಮುಖ ಮಾತ್ರ ದೂರ ಇರಲಿ. ನೀರು ಉಕ್ಕಲು ಬಂದರೆ ಸಾಕು ಮಾಡಿ, ಆರಿದ ಮೇಲೆ ಮುಂದುವರಿಸಿ.

ಎಷ್ಟು ಸಲ ಗಾಳಿ ತೆಗೆದರೂ ಮರುದಿನ ಮತ್ತೆ ಗುಳುಗುಳು ಅನ್ನುತ್ತಿದ್ದರೆ, ರೇಡಿಯೇಟರಿನಲ್ಲಿ ಗುಳ್ಳೆ ನಿಲ್ಲದೇ ಇದ್ದರೆ, ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲ್, ಹೋಗಿದೆ ಅಂತ ಅನುಮಾನ ಪಡಿ. ಅದು ಹೀಟರ್ ಕೆಲಸ ಅಲ್ಲ, ಗಾಡಿ ಅಲ್ಲೇ ನಿಲ್ಲಿಸಿ ತೋರಿಸಿ.

ಲಿವರ್ ಸುಳ್ಳು ಹೇಳಬಹುದು

ಥರ್ಮೋಸ್ಟಾಟ್ ಹಾಕಿದ ಮೇಲೆ ಮುಳ್ಳು ನಡುವಲ್ಲಿ ನೆಟ್ಟಗೆ ನಿಂತಿತು. ಮತ್ತೆ ಹೋಸ್ ಮುಟ್ಟಿದೆ. ಈಗ ಒಂದು ಸುಡುತ್ತಿತ್ತು, ಇನ್ನೊಂದು ಅಷ್ಟಕ್ಕಷ್ಟೆ. ಕೋರ್ ತೊಳೆದಾಗಿದೆ, ಹಾಗಾದರೆ ಉಳಿದದ್ದು ವಾಲ್ವ್. ಡ್ಯಾಶ್‌ಬೋರ್ಡಿನ ಲಿವರ್ ನೀಲಿಯಿಂದ ಕೆಂಪಿಗೆ ಸಲೀಸಾಗಿ ಹೋಗುತ್ತಿತ್ತು. ಸಲೀಸು ಜಾಸ್ತಿಯೇ ಆಯಿತು ಅನ್ನಿಸಿ ಟಾರ್ಚ್ ಹಿಡಿದು ಕೆಳಗೆ ಮಲಗಿ ನೋಡಿದೆ. ಕೇಬಲಿನ ಹೊರಕವಚ ಹಿಡಿಯುವ ಕ್ಲಿಪ್ಪು ಸಡಿಲವಾಗಿತ್ತು. ಲಿವರ್ ಎಳೆದರೆ ಒಳತಂತಿಯ ಬದಲು ಕವಚವೇ ಹಿಂದೆ ಮುಂದೆ ಆಡುತ್ತಿತ್ತು, ವಾಲ್ವ್ ಕಾಲು ಭಾಗ ಮಾತ್ರ ತೆರೆಯುತ್ತಿತ್ತು. ಕವಚವನ್ನು ಸರಿಯಾದ ಜಾಗಕ್ಕೆ ಎಳೆದು, ಒಂದು ತುಂಡು ಸೈಕಲ್ ಟ್ಯೂಬ್ ಸುತ್ತಿ ಕ್ಲಿಪ್ ಒತ್ತಿದೆ. ಎರಡು ನಿಮಿಷದ ಕೆಲಸ. ಇದನ್ನು ಹುಡುಕಲು ಹಿಡಿದದ್ದು ಒಂದು ಇಡೀ ಭಾನುವಾರ.

ವಾಲ್ವ್ ತಾನೇ ಗಟ್ಟಿಯಾಗಿದ್ದರೆ ಬಲವಂತ ಬೇಡ, ಹಳೇ ಪ್ಲಾಸ್ಟಿಕ್ ಪಟ್ ಅಂತ ಮುರಿಯುತ್ತೆ. ಕೇಬಲ್ ಬಿಚ್ಚಿ, ತುಕ್ಕು ಬಿಡಿಸುವ ಎಣ್ಣೆ ಹೊಡೆದು, ಕೈಯಲ್ಲೇ ಆಚೆ ಈಚೆ ಆಡಿಸಿ.

ಬ್ಲೋವರ್, ಇಲಿ, ಮತ್ತು ಸ್ಪಂಜು

ಎರಡೂ ಹೋಸ್ ಈಗ ಸುಡುತ್ತಿದ್ದವು. ಗಾಳಿ ಮಾತ್ರ ಮುದುಕರ ಉಸಿರಿನ ಹಾಗೆ. ಬ್ಲೋವರ್ ಬಿಚ್ಚಿದರೆ ಫ್ಯಾನಿನ ಸುತ್ತ ಇಲಿ ಗೂಡು: ಕಾಫಿ ಸಿಪ್ಪೆ, ಅಡಿಕೆ ನಾರು, ಚೂರು ಮಾಡಿದ ನನ್ನದೇ ಇನ್ಶೂರೆನ್ಸ್ ಕಾಗದ. ವೈಪರ್ ಹತ್ತಿರದ ಗಾಳಿ ಕಿಂಡಿಯಿಂದ ಇಳಿದಿರಬೇಕು.

ಬ್ಲೋವರ್ ತಿರುಗದೇ ಇದ್ದರೆ ಮೊದಲು ಫ್ಯೂಸ್, ಆಮೇಲೆ ಅರ್ಥ್ ವೈರ್ ಬಾಡಿಗೆ ಸೇರುವ ತುಕ್ಕು ಹಿಡಿದ ಜಾಗ, ಆಮೇಲೆ ಸ್ವಿಚ್. ಮೋಟರಿಗೆ ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಟ್ಟಾಗ ತಿರುಗಿದರೆ ಮೋಟರ್ ಸರಿಯಿದೆ. ಫುಲ್ ಸ್ಪೀಡಿನಲ್ಲಿ ಮಾತ್ರ ತಿರುಗಿ ಕಮ್ಮಿ ಸ್ಪೀಡಿನಲ್ಲಿ ನಿಂತರೆ ರೆಸಿಸ್ಟರ್ ಸುಟ್ಟಿದೆ.

ಇನ್ನು ಒಳಗಿನ ತಗಡಿನ ಬಾಗಿಲುಗಳು. ಅವುಗಳ ಅಂಚಿಗೆ ಅಂಟಿಸಿದ ಸ್ಪಂಜು ಇಷ್ಟು ವರ್ಷಕ್ಕೆ ಪುಡಿಯಾಗಿರುತ್ತೆ. ಆಗ ಬಿಸಿ ಗಾಳಿ ಗಾಜಿಗೆ ಹೋಗದೆ ಎಲ್ಲ ಕಡೆ ಸೋರುತ್ತೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಅಂಟು ಫೋಮ್ ಪಟ್ಟಿ ಸಾಕು. ಗೇರ್ ಲಿವರ್, ಫೋರ್ ವೀಲ್ ಲಿವರ್ ಸುತ್ತಲಿನ ಹರಿದ ರಬ್ಬರನ್ನೂ ಬದಲಾಯಿಸಿ. ಅಲ್ಲಿಂದ ನುಗ್ಗುವ ತಣ್ಣನೆ ಗಾಳಿಯನ್ನು ಕಾಯಿಸಲು ಯಾವ ಹೀಟರಿಗೂ ಆಗಲ್ಲ. ಹೀಟರ್ ಹಾಕಿದಾಗ ಹೊಗೆ ವಾಸನೆ ಬಂದರೆ ಸೈಲೆನ್ಸರ್ ಕಡೆ ಎಲ್ಲೋ ಸೋರುತ್ತಿದೆ. ಅದನ್ನು ಸರಿ ಮಾಡುವ ತನಕ ಹೀಟರ್ ಮುಟ್ಟಬೇಡಿ, ಆ ಹೊಗೆ ಪ್ರಾಣಕ್ಕೆ ಅಪಾಯ.

ಲಡಾಖಿಗೆ ಹೊರಟವರಿಗೆ

ನಮ್ಮಲ್ಲಿ ಹೀಟರ್ ಗಾಜಿನ ಮಂಜಿಗೆ. ಅಲ್ಲಿ ಅದು ಕೈಕಾಲಿಗೆ. ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಅಲ್ಲಿ ತೆರೆದ ಪಾತ್ರೆಯ ನೀರು 88 ಡಿಗ್ರಿ ಆಸುಪಾಸಿಗೇ ಕುದಿಯುತ್ತೆ. ಥರ್ಮೋಸ್ಟಾಟ್ ತೆರೆಯುವುದು 82ಕ್ಕೆ. ನಡುವೆ ಉಳಿದ ಜಾಗ ಎಷ್ಟು ಕಮ್ಮಿ ನೋಡಿ. ರೇಡಿಯೇಟರ್ ಮುಚ್ಚಳ ಒತ್ತಡ ಹಿಡಿದರೆ ಕುದಿಯುವ ಮಟ್ಟ ನೂರು ದಾಟುತ್ತೆ, ಅದರ ರಬ್ಬರ್ ಬಿರಿದಿದ್ದರೆ ಇಲ್ಲ. ಹಾಗಾಗಿ ಹೊರಡುವ ಮೊದಲು ಹೊಸ ಮುಚ್ಚಳ ಹಾಕಿಸಿ, ಅದೇನು ದುಬಾರಿ ಅಲ್ಲ. ಬರೀ ನೀರಂತೂ ಬೇಡವೇ ಬೇಡ. ರಾತ್ರಿ ಹೆಪ್ಪುಗಟ್ಟಿದರೆ ಹಿಗ್ಗಿ ಕೋರನ್ನೂ ಎಂಜಿನ್ ಬ್ಲಾಕನ್ನೂ ಸೀಳುತ್ತೆ. ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ ಬೆರೆಸಿದರೆ ಮೈನಸ್ 35ರವರೆಗೂ ಭಯವಿಲ್ಲ. ಬಾಟಲಿ ಮೇಲೆ ಮೊದಲೇ ಬೆರೆಸಿದ್ದು ಅಂತಿದ್ದರೆ ಮತ್ತೆ ನೀರು ಸೇರಿಸಬೇಡಿ. ಥರ್ಮೋಸ್ಟಾಟ್ ಸರಿಯಿದ್ದೂ ಮುಳ್ಳು ಮೇಲೇಳದಷ್ಟು ಚಳಿ ಇದ್ದರೆ ರೇಡಿಯೇಟರಿನ ಅರ್ಧ ಭಾಗಕ್ಕೆ ರಟ್ಟು ಅಡ್ಡ ಇಡುವುದು ಹಳೇ ಡ್ರೈವರ್‌ಗಳ ಪದ್ಧತಿ. ಮುಳ್ಳಿನ ಮೇಲೆ ಕಣ್ಣಿರಲಿ, ಏರು ಶುರುವಾದರೆ ತೆಗೆಯಿರಿ.

ಅಳತೆ

ಎಲ್ಲ ಮುಗಿದ ಮೇಲೆ ಅದೇ ಅಡುಗೆ ಥರ್ಮಾಮೀಟರನ್ನು ಗಾಜಿನ ಕಿಂಡಿಗೆ ಸಿಗಿಸಿದೆ. ಬೆಳಗ್ಗೆ ಆರೂವರೆ, ಮಳೆ, ಹೊರಗೆ 19 ಡಿಗ್ರಿ. ಹತ್ತು ಕಿಲೋಮೀಟರ್ ಓಡುವಷ್ಟರಲ್ಲಿ ಕಿಂಡಿಯಲ್ಲಿ 52. ಶಿರಾಡಿ ಇಳಿಯುವಾಗಲೂ 50ರ ಕೆಳಗೆ ಬೀಳಲಿಲ್ಲ. ಗಾಜಿನ ಮಂಜು ಕೆಳಗಿನ ಅಂಚಿನಿಂದ ಮೇಲಕ್ಕೆ ಬಿಡುತ್ತಾ ಹೋಯಿತು. ಈ ಕೆಲಸಕ್ಕೆ ಗಾಳಿ ಹೊರಗಿನಿಂದಲೇ ಬರಲಿ. ಒಳಗಿನ ಗಾಳಿಯನ್ನೇ ಸುತ್ತಿಸಿದರೆ ನಾವು ಬಿಟ್ಟ ಉಸಿರಿನ ತೇವ ತಿರುಗಿ ಗಾಜಿನ ಮೇಲೇ ಕೂರುತ್ತೆ.

ಗಾಳಿ ಕಿಂಡಿಗೆ ಸೊಳ್ಳೆ ಪರದೆಯ ಪ್ಲಾಸ್ಟಿಕ್ ಬಲೆ ಹಾಕಿದ್ದೆ. ಹದಿನೈದೇ ದಿನಕ್ಕೆ ಇಲಿ ಅದನ್ನು ಕಡಿದು ಮತ್ತೆ ಒಳಗಿಳಿಯಿತು. ಈಗ ಕೋಳಿ ಗೂಡಿಗೆ ಹಾಕುವ ಸಣ್ಣ ಕಣ್ಣಿನ ಕಬ್ಬಿಣದ ಬಲೆ ಕತ್ತರಿಸಿ ಸ್ಕ್ರೂ ಹೊಡೆದಿದ್ದೇನೆ. ನೀವು ನೇರ ಅದನ್ನೇ ಹಾಕಿ.